ಹಿಟ್ಟಾಗುವ ಹಾಡು

ಬ್ಯಾಡಗಿ ಊರಿನಲ್ಲಿ ನನ್ನ ಮೈದುನನಷ್ಟು ಸಂಗೀತದ ಹುಚ್ಚಿರುವವರು ಇನ್ನೊಬ್ಬರಿಲ್ಲ. ಒಂದೇ ಒಂದು ಸಣ್ಣ ಕೊರತೆ, ಅವನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ! ಅದನ್ನು ಕೊರತೆಯೆಂದು ಅವನು ಎಂದೂ ಒಪ್ಪಿದವನಲ್ಲ. "ಕಿವಿ ಇದ್ದಾವ ಹಾಡು ಕೇಳೂದು ಏನ್ ದೊಡ್ಡ ಮಾತು?" ಎನ್ನುತ್ತಾನೆ. ಇದಕ್ಕೆ ಏನು ಉತ್ತರ ಕೊಡುವುದು? ಕೊಟ್ಟರೂ ಅವನಿಗೆ ಕೇಳಿಸಬೇಕಲ್ಲ!

ಮಕ್ಕಳೇ, ಇವನು ನಿಮ್ಮ ಸಣ್ಣಜ್ಜ. ಅವನ ಕಥೆಯನ್ನು ಬಾಯಿಬಿಟ್ಟು ಹೇಳು ಎಂದು ನೀವು ಎಷ್ಟು ಸಲ ಗಂಟುಬಿದ್ದಿರಿ! ನಾಲ್ಕು ಜನ ಕೂತಲ್ಲಿ ನನ್ನ ಬಾಯಿಗೆ ಬೀಗ ಬೀಳುತ್ತದೆ. ಹಳ್ಳಿಯ ಸಾಲೆಯಲ್ಲಿ ಮಾಸ್ತರು ಹೆಸರು ಕೂಗಿದರೆ "ಹಾಜರ್" ಎನ್ನಲು ನಾಚಿ, ಇದ್ದೂ ಗೈರುಹಾಜರಾದವಳು ನಾನು. ಆದರೆ ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಈ ಧೈರ್ಯ.

ನಿಮ್ಮ ಸಣ್ಣಜ್ಜನದು ಖಾರದ ಗಿರಣಿ. ಸುತ್ತಲಿನ ಊರಿನವರೆಲ್ಲ ವರ್ಷದ ಖಾರದ ಪುಡಿ ಮಾಡಿಸಿಕೊಳ್ಳಲು ಅಲ್ಲಿಗೇ ಬರುತ್ತಾರೆ. ಆ ಯಂತ್ರ ಕುಟ್ಟಲು ಸುರುಮಾಡಿದರೆ ಪಕ್ಕದ ಮನೆಯ ಗೋಡೆಯ ದೇವರ ಪಟಗಳೆಲ್ಲ ತಲೆಯಾಡಿಸುತ್ತವೆ. ಇಷ್ಟು ವರ್ಷ ಅದರ ಬಗಲಿಗೇ ಸ್ಟೂಲು ಹಾಕಿಕೊಂಡು ಕೂತವನ ಕಿವಿ ಏನಾಗಬೇಕು? ಹತ್ತಿ ಇಟ್ಟುಕೋ ಎಂದರೆ, "ಹತ್ತಿ ಇಟ್ಕೊಂಡ್ರ ಗಿರಾಕಿ ಮಾತು ಕೇಳಂಗಿಲ್ಲ" ಎಂದ. ಈಗ ಹತ್ತಿಯೂ ಇಲ್ಲ, ಗಿರಾಕಿಯ ಮಾತೂ ಇಲ್ಲ. ಅರ್ಧ ಕಿಲೋ ಎಂದವರಿಗೆ ಎರಡು ಕಿಲೋ ಕುಟ್ಟಿಕೊಟ್ಟು, "ನೀವಽ ಹೇಳಿದ್ರಿ" ಎಂದು ವಾದಿಸುತ್ತಾನೆ.

ಅವನಿಗೆ ಸಂಗೀತದ ಹುಚ್ಚು ಹಿಡಿಸಿದವಳು ನಿಮ್ಮಲ್ಲೇ ದೊಡ್ಡವಳು. ಹಾವೇರಿಯ ಕಾಲೇಜಿಗೆ ಹೋಗುವ ಈ ಜಾಣೆ, ನಿಮ್ಮ ಅಜ್ಜ ಇದ್ದಾಗ ನನ್ನಿಂದ ಒಂದು ಬೀಸುವ ಪದ ಹಾಡಿಸಿ ಫೋನಿನಲ್ಲಿ ತುಂಬಿಕೊಂಡಿದ್ದಳು. ನಾನು ಗೋಡೆಗೆ ಮುಖ ಮಾಡಿ ಹಾಡಿದ್ದೆ. "ಕಾಲೇಜಿನ ಮೇಡಮ್ಮಾರಿಗೆ ಅಷ್ಟ ತೋರಸ್ತೇನಿ" ಎಂದಿದ್ದಳು. ತೋರಿಸಿದ್ದು ಇಡೀ ಜಗತ್ತಿಗೆ! ಹಾಡು ಕೇಳುವ ಆ ಆ್ಯಪಿನಲ್ಲಿ ನನ್ನ ಪದವೂ ಹೋಗಿ ಕೂತಿತ್ತು. ಜಗತ್ತು ಪಾಪ ಮರ್ಯಾದಸ್ಥ. ಆ ಕಡೆ ತಿರುಗಿಯೂ ನೋಡಲಿಲ್ಲ.

ಕಳೆದ ದೀಪಾವಳಿಗೆ ಎಲ್ಲರೂ ನಮ್ಮ ಹಾವೇರಿಯ ಮನೆಯಲ್ಲಿ ಸೇರಿದಾಗ ಅವಳು ಸಣ್ಣಜ್ಜನಿಗೆ ಪಾಠ ಹೇಳಿದಳು. "ಯಾವ ಹಾಡನ್ನ ಮಂದಿ ಭಾಳ ಸಲ ಕೇಳ್ತಾರೋ ಅದು ಪಟ್ಟಿಯೊಳಗ ಮ್ಯಾಲೆ ಬರ್ತೈತಿ, ಸಣ್ಣಜ್ಜಾ. ಒಮ್ಮೆ ಕೇಳಾಕ ಹತ್ತಿ ಅರ್ಧ ನಿಮಿಷ ದಾಟಿದ್ರ ಒಂದು ಲೆಕ್ಕ. ಹಂಗ ಮ್ಯಾಲೆ ಬಂದಿದ್ದಕ್ಕ ಹಿಟ್ ಹಾಡು ಅಂತಾರ."

ಅವನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. "ಹಿಟ್ಟಿನ ಹಾಡಾ? ಹಂಗಾರ ಅದು ನಮ್ಮ ವೈನಿದು! ಹಿಟ್ಟು ಬೀಸೂ ಮುಂದ ಹಾಡ್ತಿದ್ರಲ್ಲ!"

"ಹಿಟ್ಟಲ್ಲ ಅಜ್ಜಾ, ಹಿಟ್!"

"ನಾನೂ ಅದನ್ನ ಹೇಳಾಕತ್ತೇನಿ. ಹಿಟ್ಟು!"

ಅಣ್ಣನ ಹೆಂಡತಿಯಾದ ನನ್ನನ್ನು ಅವನು ವೈನಿ ಎಂದು ಕರೆಯುವುದು. ಆ ಗಳಿಗೆಯಿಂದ ಅವನಿಗೆ ಒಂದೇ ಹಟ: ವೈನಿಯ ಪದ ಪಟ್ಟಿಯಲ್ಲಿ ಮೇಲೆ ಬರಬೇಕು. ನನಗೂ ಒಂದೇ ಹಟ: ಬರಬಾರದು! ಮೇಲೆ ಬಂದರೆ ಜನ ಕೇಳುತ್ತಾರೆ, ಜನ ಕೇಳಿದರೆ ನಾನು ಸಂತೆಗೆ ಹೋಗುವುದು ಹೇಗೆ? ನಿಮ್ಮ ಅಜ್ಜ ಹೋದ ಮೇಲೆ ನಾನು ಹಾಡುವುದನ್ನೇ ಬಿಟ್ಟಿದ್ದೆ. ಯಾರೂ ಹಾಡೆಂದು ಕೇಳಲೂ ಇಲ್ಲ, ಅದು ಬೇರೆ ಮಾತು.

ಇನ್ನು ಈ ಪಟ್ಟಿಯ ನ್ಯಾಯವನ್ನಾದರೂ ನೋಡಿ. ನಮ್ಮ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ದರ ಹೇಳುವ ಮೊದಲು ಕೈಯಲ್ಲಿ ಹಿಡಿದು, ಮುರಿದು, ಮೂಸಿ, ಬಣ್ಣ ನೋಡುತ್ತಾರೆ. ಹಾಡಿಗೆ ಅದೇನೂ ಬೇಡವಂತೆ. ಹೆಚ್ಚು ಜನ ಕೇಳಿದರು, ಅದಕ್ಕೆ ಮೇಲೆ ಬಂತು. ಮೇಲೆ ಬಂತು, ಅದಕ್ಕೆ ಇನ್ನೂ ಹೆಚ್ಚು ಜನ ಕೇಳಿದರು! ಹಾವೇರಿ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಗುತ್ತಲಕ್ಕೆ ಎರಡು ಬಸ್ಸು ನಿಂತಿದ್ದರೆ ಜನ ಖಾಲಿ ಬಸ್ಸು ಬಿಟ್ಟು ತುಂಬಿದ ಬಸ್ಸಿಗೇ ಹತ್ತುತ್ತಾರೆ. ಯಾಕೆ? ತುಂಬಿದ್ದು ಮೊದಲು ಹೊರಡುತ್ತದೆಂದು. ಅದು ಯಾಕೆ ತುಂಬಿದೆ? ಇವರೇ ಹತ್ತಿದ್ದಾರೆ! ನನ್ನ ಪದ ಆ ಎರಡನೆಯ ಬಸ್ಸು. ಡ್ರೈವರೂ ಚಹಾ ಕುಡಿಯಲು ಹೋಗಿದ್ದಾನೆ.

ದೊಡ್ಡವಳು ಅಂದೇ ಪಟ್ಟಿ ತೆಗೆದು ತೋರಿಸಿದಳು. ದೇಶದ ಪಟ್ಟಿಯಲ್ಲಿ ನಾನಿಲ್ಲ. ಕನ್ನಡದ ಪಟ್ಟಿಯಲ್ಲೂ ಇಲ್ಲ.

"ಹಾವೇರಿ ಜಿಲ್ಲಾದ್ದು ತಗಿ," ಎಂದ.

"ಹಂಗ ಜಿಲ್ಲಾಕ್ಕೊಂದು ಇರಂಗಿಲ್ಲ ಸಣ್ಣಜ್ಜಾ."

"ಬ್ಯಾಡಗಿ ತಾಲೂಕಿಂದು?"

"ಇಲ್ಲ."

"ಹೋಗ್ಲಿ, ನಮ್ಮ ಮನಿದರ ಐತಿಲ್ಲ?"

"ಐತಿ. ಅದರಾಗ ಮೊದಲ ನಂಬರು ಸಣ್ಣವ್ವ ದಿನಾ ನೋಡೂ ಧಾರಾವಾಹಿ ಹಾಡು!"

ಸಣ್ಣವ್ವ ಎಂದರೆ ಅವನ ಹೆಂಡತಿ, ನನ್ನ ನೆಗೆಣ್ಣಿ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸ್ವಂತ ಮನೆಯ ಚುನಾವಣೆಯಲ್ಲೇ ನಾನು ಸೋತಿದ್ದೆ.

ಅವನು ಸೋಲುವವನೇ? ಗಿರಣಿಯಲ್ಲಿ ಹೊಸ ಕಾಯ್ದೆ ಬಂತು. ಖಾರ ಕುಟ್ಟಿಸಲು ಬಂದವರು ಮೊದಲು ತಮ್ಮ ಫೋನಿನಲ್ಲಿ ವೈನಿಯ ಪದ ಹಚ್ಚಬೇಕು, ಅರ್ಧ ನಿಮಿಷ ಕೇಳಬೇಕು, ಆಮೇಲೆ ಪಾಳಿ! ಪಕ್ಕದ ಓಣಿಯ ಖಾಲಾ, ಊರಿಗೆಲ್ಲ ಚಿಕ್ಕಮ್ಮ, ಅವನ ಹಳೆಯ ಗಿರಾಕಿ, ಹಳೆಯ ಬೈಗುಳವೂ ಹೌದು. ಸೊಂಟದ ಮೇಲೆ ಮೆಣಸಿನಕಾಯಿ ಬುಟ್ಟಿ ಇಟ್ಟುಕೊಂಡೇ ಕೇಳಿದಳಂತೆ, "ಅರೇ ಬೇಟಾ, ನೀ ಖಾರ ಕುಟ್ತೀಯೋ, ನಮ್ಮ ತಲಿ ಕುಟ್ತೀಯೋ?"

"ಹೂಂ ಖಾಲಾ, ಸಣ್ಣಗಽ ಕುಟ್ಟತೇನಿ," ಎಂದನಂತೆ ಇವನು.

ಸಂಜೆ ನನಗೆ ಫೋನು ಮಾಡಿ ಕೂಗಿದ. ಅವನು ಫೋನಿನಲ್ಲಿ ಮಾತಾಡಿದರೆ ಫೋನು ಇಲ್ಲದೆಯೂ ಹಾವೇರಿಗೆ ಕೇಳಿಸುತ್ತದೆ. "ವೈನೀ! ನಿಮ್ಮ ಪದ ಕೇಳಿ ಇವತ್ತ ಮಂದಿ ಗಳಗಳ ಅತ್ತಾರ್ರಿ! ಖಾಲಾ ಅಂತೂ ಸೆರಗು ಕಣ್ಣಿಂದ ತಗೀಲೇ ಇಲ್ಲ!"

ಖಾರದ ಗಿರಣಿಯಲ್ಲಿ ಅಳದವರು ಯಾರು, ಮಕ್ಕಳೇ? ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಗಿರಣಿಯೊಳಗೆ ನಿಂತು ಹೇಳಲಿ ನೋಡೋಣ!

ಗಿರಾಕಿಗಳು ಬೇರೆ ಗಿರಣಿಯ ದಾರಿ ಹಿಡಿದಾಗ ಕಾಯ್ದೆ ತಾನಾಗಿ ಬಿದ್ದುಹೋಯಿತು. ಆಗ ಅವನು ಬಂಧುಬಳಗದವರ ಮನೆಮನೆಗೆ ಹೋಗಿ ಮೂಲೆಗೆ ಬಿದ್ದ ಹಳೆಯ ಫೋನುಗಳನ್ನೆಲ್ಲ ಎತ್ತಿಕೊಂಡು ಬಂದ. ಎಲ್ಲದರಲ್ಲೂ ನನ್ನ ಪದ ಹಚ್ಚಿ, ಒಂದು ಖಾಲಿ ಗೋಣಿಚೀಲದಲ್ಲಿ ಇಳಿಬಿಟ್ಟು, ಗಿರಣಿಯ ಮೂಲೆಯಲ್ಲಿ ನಿಲ್ಲಿಸಿದ. ಹಗಲೆಲ್ಲ ನಾನು ಚೀಲದೊಳಗೆ ಹಾಡಿದ್ದೇ ಹಾಡಿದ್ದು! ಚಳಿಗಾಲ ಪೂರ್ತಿ ಹಾಡಿದೆ. ಪಟ್ಟಿ ಮಾತ್ರ ಮಿಸುಕಲಿಲ್ಲ.

ಕೊನೆಗೆ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ರಾಣೆಬೆನ್ನೂರಿಗೆ ಹೋದ. ಅಲ್ಲಿ ರೈಲು ನಿಲ್ದಾಣದ ರಸ್ತೆಯ ಮೊಬೈಲ್ ಅಂಗಡಿಯವನ ಮುಂದೆ ಚೀಲ ಸುರಿದ. ಅಂಗಡಿಯವನು ಒಂದೊಂದೇ ಫೋನು ನೋಡಿ ಕೇಳಿದ, "ಯಜಮಾನ್ರ, ಇವೆಲ್ಲಾ ಒಂದ ಹೆಸರಿನ್ಯಾಗ ಅದಾವ. ಒಬ್ಬಾವ ಎಷ್ಟ ಸಲ ಕೇಳಿದ್ರೂ ಒಂದು ಮಿತಿ ದಾಟಿದ ಮ್ಯಾಲೆ ಲೆಕ್ಕಕ್ಕ ಹಿಡಿಯಂಗಿಲ್ರಿ. ನೀವು ಮಾರುಕಟ್ಟ್ಯಾಗ ಒಂದ ಚೀಲಾನ ಹತ್ತು ಸಲ ತೂಗಿದ್ರ ಹತ್ತು ಚೀಲ ಆಕ್ಕಾವೇನು?"

ಇದು ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ತೂಕದ ಮಾತು ಅವನಿಗೆ ಚೆನ್ನಾಗಿ ಕೇಳಿಸುತ್ತದೆ.

"ಅದೂ ಹೋಗ್ಲಿ," ಎಂದ ಅಂಗಡಿಯವನು, "ಇವುಕ್ಕ ದನೀನ ಇಲ್ಲಲ್ರಿ! ಎಲ್ಲಾ ಸೊನ್ನಿಗೆ ಇಳಿಸಿಟ್ಟೀರಿ. ದನಿ ಇಲ್ದ ಹಾಡಿದ್ರ ಯಾರು ಲೆಕ್ಕಾ ಹಿಡೀತಾರ?"

ಚಳಿಗಾಲ ಪೂರ್ತಿ ನಾನು ಮೂಕಳಾಗಿ ಹಾಡಿದ್ದೆ! ನನ್ನ ಸ್ವಭಾವಕ್ಕೆ ತಕ್ಕ ಹಾಗೇ ಆಯಿತು ಬಿಡಿ. ಇವನಿಗೆ ಅದು ಗೊತ್ತೇ ಆಗಿರಲಿಲ್ಲ. "ದನಿ ಇದ್ರೂ ನನಗ ಅಷ್ಟ, ಇಲ್ದಿದ್ರೂ ಅಷ್ಟ" ಎಂದು ಗಹಗಹಿಸಿ ನಕ್ಕನಂತೆ. ಅಂಗಡಿಯವನೂ ನಕ್ಕ. ನೆಗೆಣ್ಣಿ ಮಾತ್ರ ನಗಲಿಲ್ಲ. ಅಲ್ಲಿಂದ ಎದ್ದವಳೇ ಗಂಡನನ್ನು ನೇರವಾಗಿ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

"ಡಾಕ್ಟರು ಏನಂದ್ರೋ?" ಎಂದು ನಾನು ಫೋನಿನಲ್ಲಿ ಕೂಗಿ ಕೇಳಿದೆ.

"ಸಕ್ಕರಿ ಕಡಿಮಿ ತಿನ್ನು ಅಂದಾರ್ರಿ!"

ನೆಗೆಣ್ಣಿ ಫೋನು ಕಸಿದುಕೊಂಡು, ಆ ಕಡೆ ಹೋಗಿ, ಮೆಲ್ಲಗೆ ಹೇಳಿದಳು. "ಸಕ್ಕರಿ ಅಲ್ಲಕ್ಕಾ. ಕಿವಿ ಉಳದಷ್ಟೂ ಲಗೂನ ಹೋಗ್ತೈತಂತ. ಕಿವಿಗೆ ಮಷೀನು ಹಚ್ಚಿದ್ರ ಸ್ವಲ್ಪ ದಿನ ನಡೀತೈತಿ, ಆಮ್ಯಾಗ ಅದೂ ಇಲ್ಲಂತ. ಅದಕ್ಕ ಇವ್ರು ಏನಂದ್ರು ಗೊತ್ತೇನು? 'ಅಷ್ಟರಾಗ ವೈನಿ ಪದ ಮ್ಯಾಲೆ ಬರಬೇಕು' ಅಂದ್ರು."

ನನಗೆ ಸಿಟ್ಟು ಬಂತು. ಕಿವಿ ಹೋಗುವ ಹೊತ್ತಿಗೆ ಮನುಷ್ಯನಿಗೆ ಬೇಕಾದದ್ದು ಪಟ್ಟಿಯೇ? ಹೇಗಿದ್ದರೂ ವರ್ಷದ ಖಾರ ಆಗಬೇಕಿತ್ತು. ಮೆಣಸಿನಕಾಯಿ ಒಣಗಿಸಿ, ತೊಟ್ಟು ಬಿಡಿಸಿ, ಚೀಲ ಕಟ್ಟಿಕೊಂಡು ಬ್ಯಾಡಗಿ ಬಸ್ಸು ಹತ್ತಿದೆ.

ಸುಗ್ಗಿಯ ಕಾಲ. ಗಿರಣಿಯ ಮುಂದೆ ಉದ್ದದ ಪಾಳಿ. ಯಂತ್ರ ಗುಡುಗುತ್ತಿತ್ತು. ಆ ಗದ್ದಲದಲ್ಲಿ ಅವನು ತೊಡೆಯ ಮೇಲೆ ಫೋನು ಇಟ್ಟುಕೊಂಡು ಪಟ್ಟಿ ನೋಡುತ್ತಿದ್ದ. ಜೀವನದಲ್ಲಿ ಮೊದಲ ಸಲ ನಾನು ಪರರ ಎದುರಿಗೆ ದನಿ ಏರಿಸಿದೆ. "ಬಂದ್ ಮಾಡೋ ನಿನ್ನ ಹುಚ್ಚಾಟ!"

ಅವನು ತಲೆಯೆತ್ತಿ ನೋಡಿದ. ಎದ್ದ. ಹೋಗಿ ಗಿರಣಿಯ ಸ್ವಿಚ್ಚು ಕೆಳಗೆಳೆದು ಬಂದ್ ಮಾಡಿದ!

ಅವನ ಮದುವೆಯ ದಿನವೂ ಓಡಿದ ಗಿರಣಿ ಅದು. ಹಬ್ಬಕ್ಕೆ ನಿಂತಿದ್ದಿಲ್ಲ, ಜ್ವರಕ್ಕೆ ನಿಂತಿದ್ದಿಲ್ಲ. ನಿಲ್ಲಿಸುವುದಾದರೆ ವಿದ್ಯುತ್ತಿನವರೇ ನಿಲ್ಲಿಸಬೇಕು. ನನ್ನ ಮಾತು ಅವನಿಗೆ ತಪ್ಪಾಗಿ ಕೇಳಿಸಿತೋ, ಬೇಕೆಂದೇ ತಪ್ಪಾಗಿ ಕೇಳಿಸಿಕೊಂಡನೋ, ನನಗಿನ್ನೂ ಗೊತ್ತಿಲ್ಲ. ಪಾಳಿಯಲ್ಲಿದ್ದವರೆಲ್ಲ ಬೆರಗಾಗಿ ನಿಂತರು. ಅವನು ಮೂಲೆಗೆ ಹೋಗಿ ಗೋಣಿಚೀಲಗಳನ್ನು ಸರಿಸಿದ. ಕೆಳಗೆ ನಮ್ಮ ಹಳೆಯ ಬೀಸುಕಲ್ಲು! ಮನೆ ಕೆಡವಿ ಕಟ್ಟಿಸುವಾಗ ತಿಪ್ಪೆಗೆ ಹೋಯಿತೆಂದು ನಾನು ತಿಳಿದಿದ್ದ ಕಲ್ಲು.

ಒಂದು ಮಾತು ನಿಮಗೆ ಹೇಳಿಯೇ ಇಲ್ಲ. ನಾನು ಈ ಮನೆಗೆ ಬಂದಾಗ ಅತ್ತೆ ತೀರಿಕೊಂಡಿದ್ದರು. ಇವನಿನ್ನೂ ಸಣ್ಣ ಕೂಸು, ನಿದ್ದೆ ಬರಲೊಲ್ಲದು. ಬೀಸಲು ಕೂತರೆ ಬಂದು ನನ್ನ ತೊಡೆಯ ಮೇಲೆ ತಲೆಯಿಡುತ್ತಿದ್ದ. ಕಲ್ಲಿನ ಸದ್ದಿಗೆ ಮತ್ತೆ ಎಚ್ಚರಾಗುತ್ತಿದ್ದ. ಅದಕ್ಕೆಂದೇ ನಾನು ಕಟ್ಟಿದ ಪದ ಅದು. ನೀವು ಯಾವುದೋ ಕಾಲದ ಜಾನಪದವೆಂದು ತಿಳಿದಿದ್ದೀರಿ.

ಸುತ್ತೋ ಕಲ್ಲೇ ನಿನಗ ಸುಸ್ತೇನ ಬಂದೈತಿ
ತೊಡಿಮ್ಯಾಲ ಕೂಸು ತೂಕಡಿಸಿ ಮಲಗೇತಿ
ಸದ್ದು ಸಣ್ಣಾಗಿ ತಿರುಗವ್ವ

ಸದ್ದು ಸಣ್ಣಾಗಿರಲಿ ಎಂದು ಹಾಡಿಸಿಕೊಂಡ ಕೂಸು ಬೆಳೆದು, ಬ್ಯಾಡಗಿಯಲ್ಲೇ ದೊಡ್ಡ ಸದ್ದಿನ ಯಂತ್ರ ಕೊಂಡಿತು ನೋಡಿ!

ಅವನು ಕಲ್ಲಿನ ಪಕ್ಕ ನೆಲಕ್ಕೆ ಕೂತ. "ವೈನಿ, ಫೋನಿನ್ಯಾಗಿಂದು ನನಗ ಕೇಳಂಗಿಲ್ರಿ. ಮಂದಿಯರ ಕೇಳ್ಲಿ ಅಂತ ಇಷ್ಟೆಲ್ಲಾ ಒದ್ದ್ಯಾಡಿದೆ. ಮ್ಯಾಲೆ ಬಂದ್ರ ನೀವರ ಮತ್ತ ಹಾಡ್ತೀರಿ ಅಂತ. ಈಗ ಒಮ್ಮೆ ಹಾಡ್ರಿ. ಕಲ್ಲಿನ್ಯಾಗ ನನಗ ಕೇಳ್ತೈತಿ."

ನಿಮ್ಮ ಅಜ್ಜ ಹೋದ ಮೇಲೆ ಯಾರೂ ಕೇಳದ್ದನ್ನು ಕಿವಿ ಕೇಳದವನು ಕೇಳಿದ.

ಪಾಳಿಯ ಅಷ್ಟೂ ಕಣ್ಣು ನನ್ನ ಮೇಲೆ. ನಾನು ಗೋಡೆಗೆ ಮುಖ ಮಾಡಿ ಕೂತೆ, ಗೂಟ ಹಿಡಿದೆ. ಕಲ್ಲಿನಲ್ಲಿ ಕಾಳಿರಲಿಲ್ಲ, ಹಿಟ್ಟು ಬೀಳುವಂತಿರಲಿಲ್ಲ. ಆದರೂ ತಿರುಗಿಸಿದೆ. ಕಲ್ಲಿನ ಸುತ್ತಿಗೆ ದನಿ ಸೇರಿಸಿದೆ. ಹಿಂದೆ ಯಾರೋ ಸೀನಲು ಹೋದರು, "ಚುಪ್! ಮೂಗು ಹಿಡ್ಕೋ!" ಎಂದು ಖಾಲಾ ಗದರಿದಳು. ಅವನು ಕೆಳಗಿನ ಕಲ್ಲಿಗೆ ಕೆನ್ನೆ ಹಚ್ಚಿ ಕಣ್ಣು ಮುಚ್ಚಿದ್ದ. ತಲೆಯೆಲ್ಲ ನರೆತಿದೆ. ಆದರೆ ಬಾಯಿ ಅರ್ಧ ತೆರೆದು ಮಲಗುವ ಚಾಳಿ ಮಾತ್ರ ಹೋಗಿಲ್ಲ.

ಪದ ಮುಗಿದಾಗ ಅವನು ಕಣ್ಣು ತೆರೆಯದೆಯೇ ಕೇಳಿದ, "ಅರ್ಧ ನಿಮಿಷ ಆತೇನ್ರಿ ಖಾಲಾ?"

"ಆಗಿ ಭಾಳ ಹೊತ್ತಾತು ಬೇಟಾ."

ಇದಾದರೂ ಅವನಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ. "ಇನ್ನೂ ಆಗಿಲ್ಲಂತ ವೈನಿ, ಮತ್ತ ಹಾಡ್ರಿ," ಎಂದ.

ಮತ್ತೆ ಹಾಡಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಖಾರದ ಘಾಟು, ಮಕ್ಕಳೇ. ಗಿರಣಿ ನಿಂತು ಎಷ್ಟೋ ಹೊತ್ತಾಗಿತ್ತು, ಅದು ಬೇರೆ ಮಾತು.