ಅಕ್ಕ ಹೊರಟ ದಿನ ಬ್ರೇಕ್ ಪ್ಯಾಡ್ ಬದಲಿಸಿದ್ದು

ಆಡಬೇಕಾದ ಮಾತು ಗಂಟಲಲ್ಲೇ ಸಿಕ್ಕಿಕೊಂಡಾಗ ಹೆಂಗಸರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಗಂಡಸರು ಮಾತ್ರ ಯಾವುದಾದರೊಂದು ವಸ್ತುವನ್ನು ಬಿಚ್ಚಿಕೊಂಡು ರಿಪೇರಿಗೆ ಕೂತುಬಿಡುತ್ತಾರೆ. ಅಕ್ಕನಿಗೆ ಬಂದಿದ್ದ ಒಳ್ಳೆಯ ಸಂಬಂಧವೊಂದು ತಪ್ಪಿಹೋದ ಸಂಜೆ ನಮ್ಮ ತಂದೆ ಯಾರೊಂದಿಗೂ ಒಂದು ಮಾತೂ ಆಡದೆ ಗೋಡೆ ಗಡಿಯಾರವನ್ನು ಕೆಳಗಿಳಿಸಿ ಬಿಚ್ಚಿದರು. ಚೆನ್ನಾಗಿಯೇ ನಡೆಯುತ್ತಿದ್ದ ಗಡಿಯಾರ ಅದು. ಅವತ್ತಿನಿಂದ ನಿಂತೇಹೋಯಿತು. ಅಕ್ಕ ಮದುವೆಯಾಗಲಿಲ್ಲ, ಟೀಚರಾದಳು. ಊರೂರಿನ ಹೈಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟು, ನಿವೃತ್ತಿಯಾದ ಮೇಲೆ ದಟ್ಟಗಳ್ಳಿಯ ನಮ್ಮ ಮನೆಗೆ ಬಂದು ನೆಲೆಸಿದಳು.

ನನ್ನದೊಂದು ನರ್ಸರಿ ಇದೆ. ಮಕ್ಕಳದ್ದಲ್ಲ, ಗಿಡಗಳದ್ದು. ಗಿಡ, ಕುಂಡ, ಕೆಮ್ಮಣ್ಣು, ಗೊಬ್ಬರ ಸಾಗಿಸಲು ಒಂದು ಹಳೆಯ ಪಿಕಪ್ ಗಾಡಿಯೂ ಇದೆ. ಕೆಲವು ದಿನಗಳಿಂದ ಅದರ ಬ್ರೇಕ್ ಒತ್ತಿದರೆ ಸ್ಲೇಟಿನ ಮೇಲೆ ಮೊಳೆ ಗೀಚಿದಂಥ ಸದ್ದು ಬರುತ್ತಿತ್ತು. ಮನೆಯೊಳಗೆ ಮಾತ್ರ ಯಾವ ಸದ್ದೂ ಇರಲಿಲ್ಲ, ನನ್ನ ನಿಜವಾದ ಕಷ್ಟ ಅದೇ. ಅಕ್ಕನಿಗೂ ನನ್ನ ಹೆಂಡತಿ ಸುಮಿತ್ರಳಿಗೂ ಜಗಳವಾಗಿದ್ದರೆ ನಾನು ನಿಶ್ಚಿಂತನಾಗಿರುತ್ತಿದ್ದೆ. ಅವರಿಬ್ಬರ ನಡುವೆ ಬೆಳೆದದ್ದು ಮರ್ಯಾದೆ. "ಸಾರಿಗೆ ಉಪ್ಪು ಸಾಲದು ಕಣೇ" ಎನ್ನುತ್ತಿದ್ದ ಅಕ್ಕ, "ತುಂಬಾ ಚೆನ್ನಾಗಿದೆಯಮ್ಮ, ನನಗೆ ಸ್ವಲ್ಪ ಸಾಕು" ಎನ್ನತೊಡಗಿದಳು. ಸುಮಿತ್ರ ಅಕ್ಕನ ಕೋಣೆಗೆ ಹೋಗಬೇಕಾದರೆ ತೆರೆದ ಬಾಗಿಲನ್ನೂ ತಟ್ಟಿ ಹೋಗತೊಡಗಿದಳು. ಯಾವತ್ತು, ಯಾವ ಮಾತಿನಿಂದ ಇದು ಶುರುವಾಯಿತೆಂದು ಇಬ್ಬರಲ್ಲಿ ಯಾರನ್ನು ಕೇಳಿದರೂ "ಏನೂ ಇಲ್ಲವಲ್ಲ" ಎಂಬ ಉತ್ತರ. ಏನೂ ಇಲ್ಲದ್ದನ್ನು ಸರಿಮಾಡುವುದು ಹೇಗೆ? ಒಂದು ದಿನ ತಿಂಡಿ ತಿನ್ನುತ್ತಾ ಅಕ್ಕ, "ಸಿದ್ಧಾರ್ಥನಗರದಲ್ಲಿ ಒಂದು ಸಣ್ಣ ಮನೆ ನೋಡಿದೀನಿ ಕಣೋ ಶ್ರೀಧರ. ಭಾನುವಾರ ಸಾಮಾನು ಸಾಗಿಸಿಬಿಡು. ನಿಮಗೂ ಅನುಕೂಲ, ನನಗೂ ಅನುಕೂಲ" ಎಂದಳು. ನಾನು ಚಟ್ನಿ ಹಾಕಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಗಾಡಿಯನ್ನು ಬಾಗಿಲ ಮುಂದೆ ತಂದು ನಿಲ್ಲಿಸುವಾಗ ಬ್ರೇಕು ಇಡೀ ಬೀದಿಗೆ ಕೇಳುವಂತೆ ಕಿರುಚಿತು. ಅಕ್ಕ ಹೊರಗೆ ಬಂದು, "ಇದರಲ್ಲಿ ನಾನು ಕೂರೋದಿಲ್ಲ" ಎಂದಳು. ನನಗೆ ಆದ ಸಂತೋಷವನ್ನು ಮುಖದಲ್ಲಿ ತೋರಿಸದೆ, ನಮ್ಮ ಗಾಡಿ ನೋಡಿಕೊಳ್ಳುವ ಉದಯಗಿರಿಯ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. "ಊರಲ್ಲಿದೀನಿ ಸಾರ್, ತಂಗಿ ಮದ್ವೆ. ಬರೋದು ಇನ್ನೂ ಒಂದು ವಾರ ಆಗ್ತದೆ. ಪ್ಯಾಡ್ ಸವೆದೋಗಿದ್ರೆ ಮಾತ್ರ ಓಡಿಸ್ಬೇಡಿ" ಎಂದ. ಅವನ ತಂಗಿಗೆ ಮನಸಾರೆ ಆಶೀರ್ವಾದ ಮಾಡಿ, "ನೋಡು, ಇನ್ನೊಂದು ವಾರ ಆಗೋ ಹಾಗಿಲ್ಲ" ಎಂದು ಅಕ್ಕನಿಗೆ ವರದಿ ಒಪ್ಪಿಸಿದೆ. ಒಂದು ವಾರದಲ್ಲಿ ಏನು ಬೇಕಾದರೂ ಆಗಬಹುದು, ಸಾರಿಗೆ ಉಪ್ಪು ಕಡಿಮೆಯಾಗಬಹುದು, ಅಕ್ಕ ಬಾಯಿಬಿಟ್ಟು ಅದನ್ನು ಹೇಳಲೂಬಹುದು. ಆದರೆ ಅಕ್ಕ, "ಹೊಸ ಪ್ಯಾಡು ತಂದು ಸೀಟಿನ ಹಿಂದೆ ಇಟ್ಟಿದೀಯಲ್ಲ? ಫೋನಲ್ಲಿ ನೋಡ್ಕೊಂಡು ಜನ ಏನೇನೋ ಮಾಡ್ತಾರಂತೆ. ನೀನೂ ನೋಡಿ ಹಾಕು. ನಿಧಾನವಾಗಿ ಹಾಕು, ನಾನೇನೂ ಓಡಿಹೋಗೋದಿಲ್ಲ" ಎಂದು ಕುರ್ಚಿ ತಂದು ಜಗಲಿಯಲ್ಲಿ ಕೂತೇಬಿಟ್ಟಳು.

ನಿಧಾನವಾಗಿ ಎಂಬ ಆ ಒಂದು ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಕಲ್ಲು ಚಿಕ್ಕದಾಯಿತೆಂದು ದೊಡ್ಡದನ್ನು ಹುಡುಕಿ ತಂದೆ. ಫೋನಿನಲ್ಲಿ ಒಬ್ಬ ಮಹಾಶಯ ಬಿಳಿ ಅಂಗಿ ತೊಟ್ಟು, ಕೈಗೆ ಒಂದು ಚೂರೂ ಮಸಿ ತಾಗದಂತೆ ಇಡೀ ಕೆಲಸ ಮಾಡಿ ತೋರಿಸುತ್ತಿದ್ದ. ಜಾಕ್ ಏರಿಸುವ ಮೊದಲೇ, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲ ಮಾಡಿಕೊಳ್ಳಬೇಕು ಎಂದ. ಮಾಡಲು ಹೋದೆ. ಎಲ್ಲವೂ ಸಡಿಲವಾದವು, ಒಂದು ಮಾತ್ರ ಅಲ್ಲಾಡಲಿಲ್ಲ. ಸ್ಪ್ಯಾನರಿನ ಹಿಡಿಯ ಮೇಲೆ ಹತ್ತಿ ನಿಂತೆ. ನನ್ನ ತೂಕದ ಬಗ್ಗೆ ಡಾಕ್ಟರು ಹೇಳುವುದೆಲ್ಲ ಸುಳ್ಳೇನೋ ಎಂಬಂತೆ ಅದು ನಿಂತಲ್ಲೇ ನಿಂತಿತ್ತು. ಒಳಗಿನಿಂದ ಸುಮಿತ್ರ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ನೀವು ಸ್ಪ್ಯಾನರ್ ಜಾರದ ಹಾಗೆ ಹಿಡ್ಕೊಳ್ಳಿ, ನಾನು ತುಳಿದು ನೋಡ್ತೀನಿ" ಎಂದಳು. ಹಿಡಿಯ ಮೇಲೆ ಒಂದು ಕಾಲಿಟ್ಟು ಹತ್ತುವಾಗ ಓಲಾಡಿದಳು. ಜಗಲಿಯಲ್ಲಿದ್ದ ಅಕ್ಕ ಎದ್ದು ಬಂದವಳೇ ಅವಳ ಕೈ ಹಿಡಿದಳು. "ಹುಷಾರು ಕಣೇ!" ಎಂದೂ ಅಂದಳು. ಆ 'ಕಣೇ' ಕೇಳಿ ಎಷ್ಟು ತಿಂಗಳಾಗಿತ್ತೋ! ಸುಮಿತ್ರ ಅಕ್ಕನ ಭುಜ ಹಿಡಿದು ಒಮ್ಮೆ ಕುಪ್ಪಳಿಸಿದಳು. ನಟ್ಟು ಕಿರ್ರೆಂದು ಸಡಿಲವಾಯಿತು, ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುವ ಹಾಗಾಗಿ ನಕ್ಕುಬಿಟ್ಟರು. ನಾನು ನೆಲದ ಮೇಲೆ ಕೂತವನು ತಲೆಯೆತ್ತಿ ನೋಡಿದೆ. ಹೇಳುವುದಿದ್ದರೆ ಅದೇ ಗಳಿಗೆ. ನಾನು, "ಜಾಕ್ ಎಲ್ಲಿಟ್ಟೆ?" ಎಂದೆ. ಸುಮಿತ್ರ ಭುಜದಿಂದ ಕೈ ತೆಗೆದು, "ಥ್ಯಾಂಕ್ಸ್ ಅತ್ತಿಗೆ" ಎಂದಳು. ಅಕ್ಕ, "ಅಯ್ಯೋ, ಅದಕ್ಕೇನಮ್ಮ" ಎಂದು ಕುರ್ಚಿಗೆ ವಾಪಸಾದಳು.

ಆಮೇಲಿನದೆಲ್ಲ ಬೇಸರದ ಕೆಲಸ. ಚಕ್ರ ಬಿಚ್ಚಿ, ಪ್ಯಾಡುಗಳನ್ನು ಹಿಡಿದಿಡುವ ಕ್ಯಾಲಿಪರ್ ಎತ್ತಿ, ಹಳೆಯ ಪ್ಯಾಡು ಹೊರಗೆ ತೆಗೆದರೆ ಅದು ಬರೀ ತಗಡಾಗಿ ಉಳಿದಿತ್ತು. ಹೊಸದು ದಪ್ಪ, ಜಾಗ ಸಾಲದು. ಒಳಗಿರುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ನರ್ಸರಿಯ ಬೆಂಚಿಗೆ ಬಿಗಿದಿದ್ದ ಕ್ಲಾಂಪು ತಂದು, ಹಳೆಯ ಪ್ಯಾಡನ್ನೇ ಅಡ್ಡ ಕೊಟ್ಟು, ಚಕ್ಕುಲಿ ಒತ್ತಿದ ಹಾಗೆ ತಿರುಗಿಸುತ್ತಾ ಹೋದೆ. ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋದೆ. ಎರಡನೆಯದನ್ನು ಬೇಕೆಂದೇ ತಡಮಾಡಿ ಮಾಡಿದೆನೆಂದು ಹೇಳಿಕೊಳ್ಳುವ ಆಸೆ ನನಗಿದೆ. ಆದರೆ ಕೆಲಸ ಅಷ್ಟರಲ್ಲಿ ಕೈಗೆ ಹತ್ತಿತ್ತು, ಬೇಗ ಮುಗಿದೇಹೋಯಿತು. ಕೊನೆಗೆ ಪೆಡಲ್ ಒತ್ತಿದರೆ ಅದು ಸೀದಾ ತಳಕ್ಕೆ ಹೋಯಿತು. ಇದ್ದ ಬ್ರೇಕೂ ಕೆಟ್ಟಿತೆಂದುಕೊಂಡೆ, ಅದರ ಹಿಂದೆಯೇ ಒಂದು ಆಸೆಯೂ ಎದ್ದಿತು. ಆದರೆ ಫೋನಿನ ಮಹಾಶಯ, ಮೊದಲು ಹೀಗೇ ಆಗುತ್ತದೆ, ಗಾಡಿ ಚಲಿಸುವ ಮುಂಚೆ ಪೆಡಲನ್ನು ಮತ್ತೆ ಮತ್ತೆ ಒತ್ತಬೇಕು ಎಂದ. ಒತ್ತಿದೆ. ಗಟ್ಟಿಯಾಯಿತು. ಬೀದಿಯಲ್ಲೇ ಮೆಲ್ಲಗೆ ಓಡಿಸಿ ನೋಡಿದೆ. ಒಂದಿಷ್ಟೂ ಸದ್ದಿಲ್ಲದೆ ನಿಂತಿತು.

ಅಕ್ಕನ ಮಂಚ, ಬೀರು, ಪುಸ್ತಕದ ಪೆಟ್ಟಿಗೆಗಳನ್ನು ಏರಿಸಿದೆವು. ಸುಮಿತ್ರ ಒಂದು ಡಬ್ಬಿ ಸಾರಿನಪುಡಿ ತಂದು, "ಇದು ನಿಮಗೆ, ಅತ್ತಿಗೆ" ಎಂದು ಕೊಟ್ಟಳು. ಅಕ್ಕ ಅದನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಒಂದು ತಿರುವಿನಲ್ಲಿ ಆಟೋವೊಂದು ಸಿಗ್ನಲ್ಲೂ ಕೊಡದೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಗಾಡಿ ಹಟ್ಟಿಯ ಹಸುವಿನಂತೆ ತಣ್ಣಗೆ ನಿಂತಿತು. ಹಿಂದಿನ ಬೀರುವಿನ ಕನ್ನಡಿಯೂ ಅಲ್ಲಾಡಲಿಲ್ಲ. "ಚೆನ್ನಾಗಿ ಹಾಕಿದೀಯ ಕಣೋ" ಎಂದಳು ಅಕ್ಕ. ಚಿಕ್ಕಂದಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟು, ಕೈಸೋತು, ತಲೆಯ ಮೇಲೆ ಮೊಟಕಿದವಳು ಅವಳು. ನಾನು ಮಾಡಿದ ಕೆಲಸವೊಂದು ಸರಿಯಾಯಿತೆಂದು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಷ್ಟು ಬೇಜಾರು ತಂದ ಹೊಗಳಿಕೆಯನ್ನು ನಾನು ಇನ್ನೊಂದು ಕೇಳಿಲ್ಲ.

ಸಾಮಾನು ಇಳಿಸಿ, ಮಂಚ ಜೋಡಿಸಿಕೊಟ್ಟು, ಸಂಜೆಗೆ ಮನೆಗೆ ಬಂದೆ. ಸುಮಿತ್ರ ಅಕ್ಕನ ಖಾಲಿ ಕೋಣೆಯನ್ನು ಗುಡಿಸಿ, ಪೊರಕೆ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. "ಹೋಗ್ಬೇಡಿ ಅಂತ ನಾನು ಹೇಳಿದ್ರೆ ಅತ್ತಿಗೆ ಬಾಯುಪಚಾರ ಅಂದ್ಕೋತಿದ್ರು. ನೀವು ಹೇಳ್ತೀರ ಅಂತ ಬೆಳಗಿಂದ ಕಾದೆ. ಅವರೂ ಅದಕ್ಕೇ ಕಾಯ್ತಿದ್ರು ರೀ. ಇಲ್ಲದಿದ್ರೆ ಅಷ್ಟು ಹೊತ್ತು ಜಗಲೀಲಿ ಯಾಕೆ ಕೂರ್ತಿದ್ರು?" ಎಂದಳು. "ನಾನು ಗಾಡಿ ಕೆಲಸದಲ್ಲಿದ್ದೆನಲ್ಲ" ಎಂದೆ.

ಕೈಗಳ ಮಸಿ ತೊಳೆದು, ಧೈರ್ಯ ತಂದುಕೊಂಡು, ಸುಮಿತ್ರಳ ಎದುರಿಗೇ ಅಕ್ಕನಿಗೆ ಫೋನ್ ಮಾಡಿದೆ. "ಏನೋ?" ಎಂದಳು. "ಅಲ್ಲಿ ನಲ್ಲೀಲಿ ನೀರು ಬರ್ತಾ ಇದೆಯಾ?" ಎಂದು ಕೇಳಿದೆ. "ಬರ್ತಾ ಇದೆ." "ಕರೆಂಟು?" "ಅದೂ ಇದೆ. ಏನಾದರೂ ಹೇಳಬೇಕಿತ್ತಾ?" "ಇಲ್ಲ ಅಕ್ಕ, ಸುಮ್ನೆ ಮಾಡ್ದೆ" ಎಂದೆ. "ಸರಿ, ಇಡಲಾ?" ಎಂದು ಕೇಳಿ, ನಿಧಾನವಾಗಿ ಇಟ್ಟಳು.

"ಗ್ಯಾಸ್ ಸಿಲಿಂಡರ್ ಬಂತಾ ಅಂತ ಕೇಳೋದು ಮರೆತ್ರಿ" ಎಂದಳು ಸುಮಿತ್ರ, ಪೊರಕೆಯನ್ನು ಮೂಲೆಗೆ ಇಡುತ್ತಾ. ಮರೆತಿರಲಿಲ್ಲ. ನಾಳೆ ಫೋನ್ ಮಾಡಲು ಏನಾದರೊಂದು ಬೇಕಲ್ಲ ಎಂದು ಉಳಿಸಿಕೊಂಡಿದ್ದೆ.