ಫಾರ್ಸಿ ಪಟ್ಟು

ನಾನು ವಿದ್ಯಾವಂತ. ಇದನ್ನು ಮೊದಲೇ ನಾನೇ ಹೇಳಿಬಿಡುತ್ತೇನೆ. ಈ ಕಥೆ ಮುಗಿಯುವ ಹೊತ್ತಿಗೆ ಬೇರೆ ಯಾರೂ ಹೇಳುವಂತಿರುವುದಿಲ್ಲ. ಚಿಕ್ಕಂದಿನಿಂದ ಹೈದರಾಬಾದಿನ ಸೋದರಮಾವನ ಮನೆಯಲ್ಲಿದ್ದು ಓದಿ, ನಿಜಾಮ ಸರಕಾರದ ಕೃಪೆಯಿಂದ ಕೊಪ್ಪಳಕ್ಕೆ ಸಾಲಿ ಮಾಸ್ತರನಾಗಿ ಬಂದಿಳಿದಿದ್ದೆ. ಆ ಕಾಲದಲ್ಲಿ ಉರ್ದು ಬಲ್ಲವನ ತಲೆಗೆ ಎರಡು ಕೋಡು. ನನಗೆ ಫಾರ್ಸಿಯೂ ಬರುತ್ತಿತ್ತು. ಮೂರನೆಯ ಕೋಡು!

ನನಗೆ ಹೆಣ್ಣು ಗೊತ್ತುಮಾಡಿದವನು ರುದ್ರಪ್ಪನೆಂಬ ದೂರದ ನೆಂಟ. ತಾವರಗೇರಾದ ಬಸವಂತಪ್ಪನವರ ಮಗಳು ಶಿವವ್ವನನ್ನು ನೋಡಿ ಬಂದು ನಮ್ಮವ್ವನ ಮುಂದೆ ಹೇಳಿದ: "ಹುಡುಗಿ ಭಾಳ ಛಲೋ ಅದಾಳ. ಮನಿಯೊಳಗ ತಾಲೀಮು ಸೈತ ಆಗೇತಿ."

ನಾನು ಹಿಗ್ಗಿ ಹೀರೇಕಾಯಿಯಾದೆ. ಉರ್ದುವಿನಲ್ಲಿ ತಾಲೀಮು ಎಂದರೆ ವಿದ್ಯೆ. ಓದು ಬರಹ ಬಲ್ಲ ಹೆಂಡತಿ! ಮದುವೆಯಲ್ಲಿ ಆಕೆಗೊಂದು ಶಾಯಿ ಪೆನ್ನು ಕೊಟ್ಟೆ. ಆಕೆ ಅದನ್ನು ಲಂಗಕ್ಕೆ ಲಾಡಿ ಪೋಣಿಸಲು ಇಟ್ಟುಕೊಂಡಳು. ಬರೆಯಲು ನಾಚಿಕೆಯಿರಬೇಕು ಎಂದುಕೊಂಡೆ.

ಮದುವೆಗೆ ಮುಂಚೆ ಮಾವನವರೂ ನನ್ನನ್ನು ಪರೀಕ್ಷೆ ಮಾಡಿದ್ದರು. "ಹುಡುಗ ಕೊಪ್ಪಳದಾಗ ತಾಲೀಮು ಕಲಿಸ್ತಾನ" ಎಂದಷ್ಟೇ ರುದ್ರಪ್ಪ ಅವರಿಗೆ ಹೇಳಿದ್ದ.

"ತಾಲೀಮು ಎಲ್ಲಿ ಆತ್ರಿ ನಿಮ್ದು?"

"ಹೈದರಾಬಾದಿನಾಗ್ರಿ."

"ಉಸ್ತಾದ್ರು ಹೆಂಗಿದ್ರು?"

"ಭಾಳ ಕಡಕ್ ರಿ. ತಪ್ಪಿದ್ರ ಬಡೀತಿದ್ರು."

"ಬಡೀಬೇಕು! ನೀವು ಯಾವುದರಾಗ ಗಟ್ಟಿ?"

"ಫಾರ್ಸಿಯೊಳಗ್ರಿ. ಫಾರ್ಸಿಯೊಳಗ ನನ್ನ ಹಿಡಿಯೋರ ಇದ್ದಿಲ್ರಿ!"

"ಅದನ್ನ ನಮ್ಮ ಕಡಿ ಯಾರೂ ಕಲ್ತಿಲ್ಲ ಬಿಡ್ರಿ" ಎಂದು ಮಾವನವರು ಮೀಸೆ ತಿರುವಿದರು. ಆಮೇಲೆ ನನ್ನ ತೋಳು ಹಿಚುಕಿ ನೋಡಿ, "ಸಣಕಲ ಅದಾರಲ್ಲೋ ರುದ್ರಪ್ಪ?" ಎಂದರು.

"ಕಸುವೆಲ್ಲ ಒಳಗೈತ್ರಿ" ಎಂದ ರುದ್ರಪ್ಪ. ಮಾಸ್ತರನ ತೋಳನ್ನು ಯಾಕೆ ಹಿಚುಕುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ಮದುವೆಯಾದ ಮೊದಲ ನಾಗರ ಪಂಚಮಿಗೆ ಅಳಿಯತನಕ್ಕೆಂದು ತಾವರಗೇರಾಕ್ಕೆ ಹೋದೆ. ಉಂಡಿ ತಿನ್ನುತ್ತ ಕಟ್ಟೆಯ ಮೇಲೆ ಕುಳಿತಿದ್ದಾಗ ಓಣಿಯಲ್ಲಿ ಡಂಗುರ ಬಂತು.

"ಬಸವಂತಪ್ಪನೋರ ಅಳ್ಯಾರು, ಹೈದರಾಬಾದಿನಾಗ ತಾಲೀಮು ಮಾಡಿದ ಪೈಲ್ವಾನ್ರು, ನಾಳಿ ಕುಷ್ಟಗಿ ಹನಮನ ಕೂಡ ಕುಸ್ತಿ ಹಿಡೀತಾರಪೋ!"

ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗೆ ಹಾಕಿದೆ. ಆ ಊರಿನಲ್ಲಿ ತಾಲೀಮು ಎಂದರೆ ಗರಡಿಯ ಸಾಧನೆ, ಉಸ್ತಾದ ಎಂದರೆ ಕುಸ್ತಿ ಕಲಿಸುವ ಗುರು. ಫಾರ್ಸಿ ಎಂದರೆ ಯಾರೂ ಕಂಡರಿಯದ ಭಯಂಕರ ಪಟ್ಟು! ಸಾಲದ್ದಕ್ಕೆ ಮಾವನವರು ಕುಷ್ಟಗಿಯವರ ಮುಂದೆ, "ನಮ್ಮ ಪೈಲ್ವಾನ ಸೋತ್ರ ಮೀಸಿ ಬೋಳಿಸ್ತೀನಿ" ಎಂದು ಪಣ ತೊಟ್ಟು ಬಂದಿದ್ದರು. ಆ ಮೀಸೆ ನೋಡಲು ಪಕ್ಕದ ಊರಿನವರು ಬರುತ್ತಿದ್ದರು.

ಹಿತ್ತಲಿನಲ್ಲಿ ಶಿವವ್ವನನ್ನು ಹಿಡಿದು ಎಲ್ಲ ಹೇಳಿಕೊಂಡೆ. "ಈಗಿಂದೀಗ ಕೊಪ್ಪಳಕ್ಕ ಹೋಗಿಬಿಡ್ತೀನಿ."

"ನೀವು ಹೋಗ್ರಿ, ಅಪ್ಪನ ಮೀಸಿ ಏನಾಗ್ಬೇಕು? ಸಣ್ಣಾಕಿದ್ದಾಗ ಅದನ್ನ ಹಿಡಕೊಂಡು ನಿಲ್ಲೋದು ಕಲ್ತಾಕಿ ನಾನು" ಎಂದು ಆಕೆ ಕಣ್ಣು ತುಂಬಿಕೊಂಡಳು. ಮರುಕ್ಷಣವೇ ಆಕೆ ಸೆರಗು ಕಟ್ಟಿದಳು. "ಬರ್ರಿ, ನಾ ಹೇಳಿಕೊಡ್ತೀನಿ."

"ನಿನಗೇನು ಗೊತ್ತು?"

"ಯಾಕ, ಅಣ್ಣಗಳ ಕೂಡ ಮನಿಯೊಳಗ ತಾಲೀಮು ಆಗೇತಲ್ಲ ನಂದು?"

ನನಗೆ ಶಾಯಿ ಪೆನ್ನು ನೆನಪಾಯಿತು.

"ನೋಡ್ರಿ, ಎದುರಿನಂವನ ಮಣಿಕಟ್ಟು ಹಿಂಗ ಹಿಡೀಬೇಕು. ಗಕ್ಕನ ತಿರುಗಿ ಅಂವಗ ಬೆನ್ನು ಕೊಡಬೇಕು. ಕೈ ಹೆಗಲ ಮ್ಯಾಲ ಎಳಕೊಂಡು ಬಗ್ಗಿದ್ರ ಆತು, ಅಗಸ ಬಟ್ಟಿ ಒಗದಂಗ ಬೀಳ್ತಾನ. ಇದು ಧೋಬಿ ಪಛಾಡ."

ಇದಿಷ್ಟನ್ನೂ ನಾನು ಗಾಳಿಯಲ್ಲಿದ್ದಾಗ ಕೇಳಿಸಿಕೊಂಡೆ. ಬಿದ್ದದ್ದು ಸಗಣಿ ಬುಟ್ಟಿಯ ಪಕ್ಕ.

"ಇದು ಟಾಂಗು. ನಿಮ್ಮ ಕಾಲು ಅಂವನ ಕಾಲೊಳಗ ಸಿಗಿಸಿ ಎದಿಲೆ ನೂಕ್ರಿ. ಕಾಲು ಎತ್ತಾಕ ಬರೂದಿಲ್ಲ, ಹಿಂದಕ್ಕ ಉರುಳ್ತಾನ." ನಾನೇ ಉರುಳಿದೆ. ಈ ಸಲ ಬುಟ್ಟಿಯೊಳಗೇ!

"ಹೋಗ್ಲಿ, ಇದೊಂದರ ನೆನಪಿಡ್ರಿ. ಎರಡೂ ಭುಜ ಮಣ್ಣಿಗೆ ಹತ್ತಿದ್ರ ಚಿತ್, ಸೋತಂಗ. ಬೋರಲ ಬಿದ್ರ ಇನ್ನೂ ಜೀವ ಐತಿ. ಬಿದ್ರ ಬೋರಲ ಬೀಳ್ರಿ."

ಮರುದಿನ ಗರಡಿಯ ಮುಂದೆ ಊರಿಗೂರೇ ಸೇರಿತ್ತು. ಕುಷ್ಟಗಿಯವರು ಜೊತೆಗೆ ಕ್ಷೌರ ಮಾಡುವ ಹಡಪದವನನ್ನೂ ಕರೆತಂದಿದ್ದರು. ಅವನು ಮಾವನವರ ಮೀಸೆಯನ್ನೇ ನೋಡುತ್ತ ಕತ್ತಿ ಮಸೆಯುತ್ತಿದ್ದ. ಹನಮ ತೊಡೆ ತಟ್ಟಿದ. ನಾನೂ ತಟ್ಟಿಕೊಂಡೆ, ಮೂಳೆಯ ಸದ್ದು ಬಂತು. ಭಯಕ್ಕೆ ಬಾಯಿ ತಾನಾಗಿ ಸಾಲೆಯ ಫಾರ್ಸಿ ಪಾಠ ಒಪ್ಪಿಸತೊಡಗಿತು: "ರಫ್ತಮ್, ರಫ್ತೀ, ರಫ್ತ್..." ಹೋದೆನು, ಹೋದೆ, ಹೋದನು ಎಂದು ಅರ್ಥ.

ಹನಮ ಎರಡು ಹೆಜ್ಜೆ ಹಿಂದೆ ಸರಿದ. "ಏ, ಇಂವ ಏನೋ ಮಂತ್ರ ಹಾಕಾಕತ್ಯಾನ್ರೋ!"

"ಫಾರ್ಸಿ ಪಟ್ಟು ಬಂತೋ!" ಎಂದು ಜನ ಕೂಗಿದರು. ಮಾವನವರ ಮೀಸೆ ಅರಳಿತು. ನನಗೂ ಹುರುಪು ಬಂತು. ದನಿ ಏರಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಹನಮ ಊರು ಬಿಡುತ್ತಿದ್ದನೋ ಏನೋ! ಮಾಸ್ತರಿಕೆಯ ಚಾಳಿ ಬಿಡಬೇಕಲ್ಲ? ಪಾಠ ಹೇಳುವಾಗ ಬಲಗೈ ಮುಂದೆ ಚಾಚುವುದು ನನ್ನ ರೂಢಿ. ಚಾಚಿದೆ.

ಹನಮ ಮಣಿಕಟ್ಟು ಹಿಡಿದ. ಧೋಬಿ ಪಛಾಡ! ಹೆಂಡತಿಯ ಮಾತು ನೆನಪಿಟ್ಟು ಬೋರಲೇ ಬಿದ್ದೆ. ಮಣ್ಣು ಕಚ್ಚಿ ಹಿಡಿದೆ. ಅವನು ಬೆನ್ನಿನ ಮೇಲೆ ಸವಾರಿ ಕೂತು, ಲಂಗೋಟಿಗೆ ಕೈ ಹಾಕಿ, ಹಂಚಿನ ಮೇಲಿನ ರೊಟ್ಟಿಯಂತೆ ನನ್ನನ್ನು ಮಗುಚಿದ. ಎರಡೂ ಭುಜ ಮಣ್ಣಿಗೆ ಹತ್ತಿದವು. ಚಿತ್!

ಹಡಪದವನು ಎದ್ದ. ಮಾವನವರು ಮುಖ ಒಡ್ಡಿ ಕುಳಿತರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಲಾಗಲಿಲ್ಲ ನನಗೆ.

"ತಡೀರಿ!" ಎಂದು ಮಲಗಿದಲ್ಲಿಂದಲೇ ಕೂಗಿದೆ. "ಪಣ ಇದ್ದದ್ದು ಪೈಲ್ವಾನ ಸೋತ್ರ. ನಾ ಪೈಲ್ವಾನ ಅಲ್ರಪೋ! ಸಾಲಿ ಮಾಸ್ತರ! ಹುಟ್ಟಿದಾಗಿಂದ ಕುಸ್ತಿ ಹಿಡಿದಂವ ಅಲ್ಲ. ತಾಲೀಮು ಅಂದ್ರ ಉರ್ದುದಾಗ ಓದು!"

ಕುಷ್ಟಗಿಯ ಉಸ್ತಾದ ಹುಬ್ಬು ಗಂಟಿಕ್ಕಿದ. "ಪೈಲ್ವಾನ ಅಲ್ಲ ಅನ್ನಾಕ ಪುರಾವೆ ಏನು?"

"ನನ್ನ ಮೈ ನೋಡ್ರಿ!"

ಊರೆಲ್ಲ ನೋಡಿತು. ಎರಡನೆಯ ಪುರಾವೆಯನ್ನು ಯಾರೂ ಕೇಳಲಿಲ್ಲ. ಹಡಪದವನು ಕತ್ತಿ ಮಡಚಿದ. ಮಾವನವರು ನನ್ನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡರು. ಗೆದ್ದವನನ್ನು ಎತ್ತಿದಂತೆ ಅಲ್ಲ, ಜೋಳದ ಚೀಲ ಎತ್ತಿದಂತೆ.

ಮನೆಯಲ್ಲಿ ಶಿವವ್ವ ಬೆನ್ನಿಗೆ ಎಣ್ಣೆ ತಿಕ್ಕುತ್ತ, "ಅಪ್ಪನ ಮೀಸಿ ಉಳಿಸಿದ್ರಿ" ಎಂದಳು. "ಕೈ ಯಾಕ ಮುಂದ ಮಾಡಿದ್ರಿ?" ಎಂದೂ ಕೇಳಿದಳು.

ಆಮೇಲೆ ನಾನು ಆಕೆಗೆ ಅಕ್ಷರ ಕಲಿಸಲು ನೋಡಿದೆ, ಹತ್ತಲಿಲ್ಲ. ಆಕೆ ನನಗೆ ಪಟ್ಟು ಕಲಿಸಲು ನೋಡಿದಳು, ಅದೂ ಹತ್ತಲಿಲ್ಲ. ಸಹಿ ಹಾಕಬೇಕಾದಲ್ಲಿ ಶಿವವ್ವ ಇವತ್ತಿಗೂ ಹೆಬ್ಬೆಟ್ಟೇ ಒತ್ತುವುದು. "ಹೆಬ್ಬೆಟ್ಟು" ಎಂದು ನಗಲು ನಾನು ಬಾಯಿ ತೆರೆದೆನೋ, ಅದೇ ಹೆಬ್ಬೆಟ್ಟು ಬಂದು ನನ್ನ ಮಣಿಕಟ್ಟಿನ ಮೇಲೆ ಕೂರುತ್ತದೆ.

ರಫ್ತಮ್!