ಊರಿಗೊಬ್ಬನೇ ಡಂಗುರದವ

ಬೆಳಗಿನ ಜಾವ ಹಿಮ ಬಿತ್ತು. ಶಾಲೆಗೆ ರಜೆ ಎಂಬ ಫೋನು ಅಮೆರಿಕದ ಮಿನ್ನೆಸೋಟದ ಆ ಪುಟ್ಟ ಊರಿನ ಮನೆಮನೆಗೂ ಎರಡೆರಡು ಸಲ ಹೋಯಿತು. ಒಮ್ಮೆ ಎದ್ದು ಮತ್ತೆ ಮಲಗಿದ್ದ ತಾಯಂದಿರು ಎರಡನೆಯ ಸಲ ಎದ್ದು ಹಿಡಿಶಾಪ ಹಾಕಿದರು. ಇನ್ನೊಮ್ಮೆ ಹೀಗಾದರೆ ಗುತ್ತಿಗೆ ರದ್ದು ಎಂದರು ಶಾಲೆಯವರು, ಆ ಕರೆ ಕಳಿಸುವ ಕಂಪನಿಗೆ.

"ಆರ್ವಿಡ್, ಮಧ್ಯಾಹ್ನದೊಳಗೆ ಸರಿ ಮಾಡು. ಇಲ್ದಿದ್ರೆ ನಿನ್ನ ರಜೆ, ಮೀನು ಎಲ್ಲಾ ಮರೆತುಬಿಡು," ಎಂದಳು ಕಂಪನಿಯ ಒಡತಿ ಮಾರ್ಲಿಸ್.

ಹೆಪ್ಪುಗಟ್ಟಿದ ಕೆರೆಯ ಮೇಲೆ ಗುಡಿಸಲು ಹೂಡಿ, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಬಿಟ್ಟು ಕೂರುವ ಆ ಒಂದು ವಾರಕ್ಕಾಗಿ ಜಾವಾ ಪ್ರೋಗ್ರಾಮರ್ ಆರ್ವಿಡ್ ವರ್ಷವಿಡೀ ಜೀವ ಹಿಡಿದುಕೊಂಡಿದ್ದ. ಅಯ್ಯೋ ಪಾಪ, ಅದಕ್ಕೂ ಕಲ್ಲು ಬೀಳುವುದರಲ್ಲಿತ್ತು.

ಹುಡುಕಿದಾಗ ಕಳ್ಳ ಸಿಕ್ಕಿದ. ವೆಬ್ ಅಪ್ಲಿಕೇಶನ್ ಶುರುವಾಗುವಾಗ, ಊರಿಗೊಬ್ಬ ಡಂಗುರದವನಂತೆ, ಕರೆ ಕಳಿಸುವ ಆಬ್ಜೆಕ್ಟ್, ಅಂದರೆ ಪ್ರೋಗ್ರಾಮಿನೊಳಗಿನ ಆಳು, ಒಂದೇ ಹುಟ್ಟಬೇಕು. ಇಲ್ಲಿ ಎರಡು ಹುಟ್ಟುತ್ತಿದ್ದವು.

"ಎರಡನೇದು ಯಾರಪ್ಪಾ ಹಾಕಿದ್ದು?"

"ನಾನೇ ಕಣೋ," ಎಂದ ಪಕ್ಕದ ಮೇಜಿನ ಡ್ವೇನ್, ಡೋನಟ್ ಅಗಿಯುತ್ತಾ. "ನೀನು ಮರೆತಿರ್ತೀಯ ಅಂತ."

"ಒಂದು ಮಾತು ಕೇಳಬಾರದಿತ್ತಾ?"

"ಕೇಳೋಕೆ ನಿನ್ನ ಎಬ್ಬಿಸಬೇಕಿತ್ತಲ್ಲ!"

ಆರ್ವಿಡ್ ಹಲ್ಲು ಕಚ್ಚಿಕೊಂಡು ಕೂತ. ಮೊದಲ ಯತ್ನದಲ್ಲಿ ಒಂದೂ ಹುಟ್ಟಲಿಲ್ಲ.

"ಊರು ತಣ್ಣಗಿದೆ, ಹಾಗೇ ಬಿಡು ಮಾರಾಯ," ಎಂದ ಡ್ವೇನ್.

ಮತ್ತೆ ಕೂತು, ಶುರುವಿನಲ್ಲೇ ಒಂದನ್ನು ಹುಟ್ಟಿಸಿ, ಆಮೇಲೆ ಯಾರು ಕೇಳಿದರೂ ಅದನ್ನೇ ಕೊಡುವಂತೆ ಬರೆದ. ಪರೀಕ್ಷೆಗೆಂದು ಕಳಿಸಿದ ಕರೆಗೆ ಮಾರ್ಲಿಸಳ ಫೋನು ಒಂದು ಸಲ ಬಡಿದುಕೊಂಡಿತು. ಎಲ್ಲರೂ ಕಾದರು. ಎರಡನೆಯದು ಬರಲಿಲ್ಲ.

"ಭಲೇ! ಹೊರಡು, ಹೊರಡು!" ಎಂದು ಅವಳೇ ಅವನ ಕೋಟು ತಂದುಕೊಟ್ಟಳು.

ಸಂಜೆ ಗುಡಿಸಲಿನಲ್ಲಿ ಆರ್ವಿಡ್ ಗಾಳ ಬಿಟ್ಟು ಕೂತಿದ್ದ. ಮತ್ತೆ ಹಿಮ. ಫೋನು ಬಡಿದುಕೊಂಡಿತು: ಶಾಲೆಯ ಇವತ್ತಿನ ಬ್ಯಾಸ್ಕೆಟ್‌ಬಾಲ್ ಆಟ ರದ್ದು. ಒಂದೇ ಸಲ! ಆರ್ವಿಡ್ ಖುಷಿಯಿಂದ ತೊಡೆ ತಟ್ಟಿಕೊಂಡ.

ಫೋನು ಮತ್ತೆ ಬಡಿದುಕೊಂಡಿತು. ಆಟ ರದ್ದು.

ಮೂರನೆಯದು ಮಾರ್ಲಿಸಳದು. "ಒಂದೇ ಇದೆ ಅಂದ್ಯಲ್ಲೋ! ಶಾಲೆಯೋರು ಬಾಯಿಗೆ ಬಂದ ಹಾಗೆ ಬೈತಿದಾರೆ!"

"ದೇವರಾಣೆಗೂ ಒಂದೇ ಇತ್ತು ಮಾರ್ಲಿಸ್! ನಾನು ಬಂದ ಮೇಲೆ ಯಾರಾದ್ರೂ ಕೈ ಹಾಕಿದ್ರಾ?"

"ಯಾರೂ ಮುಟ್ಟಿಲ್ಲಪ್ಪ. ನಿನ್ನ ಕೆಲಸ ಅಷ್ಟು ಚೆನ್ನಾಗಿತ್ತು ಅಂತ, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ, ಡ್ವೇನ್‌ಗೆ ಹೇಳಿ ಅದನ್ನೇ ಎರಡನೇ ಸರ್ವರ್ ಯಂತ್ರದಲ್ಲೂ ಶುರು ಮಾಡಿಸಿದೆ, ಅಷ್ಟೇ."

ಫೋನಿನಲ್ಲಿ ಅವಳ ಹಿಂದಿನಿಂದ ಡ್ವೇನ್ ಕೂಗಿದ: "ಅಲ್ಲೂ ಒಂದೇ ಇದೆ ಕಣೋ! ನಾನೇ ನೋಡಿದೀನಿ!"

ಆರ್ವಿಡ್ ಗಾಳ ಮೇಲಕ್ಕೆಳೆದುಕೊಂಡು ಆಫೀಸಿಗೆ ಮರಳಲು ಕೋಟಿಗೆ ಕೈ ಚಾಚಿದ.